ಮೂಳೆ ಕೂಡಿತು, ಮಂಡಿ ಮಡಚಬೇಕಿತ್ತು

ಕಾಲು ಮುರಿದು ಮಲಗಿದವರನ್ನು ನೋಡಲು ಬಂದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. "ರಾಡ್ ಹಾಕಿದ್ರಾ, ಪ್ಲೇಟ್ ಹಾಕಿದ್ರಾ?" "ಯಾವಾಗಿಂದ ಓಡಾಡಬಹುದು ಅಂದ್ರು?" ನನ್ನನ್ನೂ ಎಲ್ಲರೂ ಇದನ್ನೇ ಕೇಳಿದರು. ಮಂಡಿ ಎಷ್ಟು ಮಡಚುತ್ತೆ ಅಂತ ಕೇಳಿದ್ದು ಫಿಸಿಯೋಥೆರಪಿಯವರು ಮಾತ್ರ. ಆಪರೇಷನ್ ಆದ ಮೇಲಿನ ಇಡೀ ವರ್ಷ ನಾನು ಉತ್ತರ ಹುಡುಕಿದ್ದು ಆ ಪ್ರಶ್ನೆಗೇ. ಕೀಲಿನ ಹತ್ತಿರ ಮೂಳೆ ಮುರಿದವರಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಹಿಡಿದಿತ್ತು. ತೋಟಕ್ಕೆ ಇಳಿಯುವ ಜಂಬಿಟ್ಟಿಗೆ ಮೆಟ್ಟಿಲಿನ ಮೇಲೆ ಪಾಚಿ ಕಟ್ಟಿತ್ತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವವರಿಗೆ ಕಾಫಿ ತೆಗೆದುಕೊಂಡು ಹೋಗುವಾಗ ಜಾರಿ, ಪಕ್ಕದ ಬಸಿಗಾಲುವೆಗೆ ಬಿದ್ದೆ. ಎಡಗಾಲು ನೆಟ್ಟಗೆ ನೆಲಕ್ಕೆ ಬಡಿಯಿತು, ಮಂಡಿ ಒಳಗಡೆಗೆ ವಾಲಿತು. ಚರ್ಮ ಹರಿದಿರಲಿಲ್ಲ, ಮೂಳೆ ಹೊರಗೆ ಬಂದಿರಲಿಲ್ಲ. ಆದರೆ ನೋಡನೋಡುತ್ತಿದ್ದಂತೆ ಮಂಡಿ ಊದಿಕೊಂಡಿತು. ಮುರಿದ ಮೂಳೆಯಿಂದ ಕೀಲಿನೊಳಗೆ ರಕ್ತ ತುಂಬಿಕೊಂಡರೆ ಹಾಗೆ ಬೇಗ ಊದುತ್ತದೆ ಎಂದು ಆಮೇಲೆ ಗೊತ್ತಾಯಿತು.

"ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿದರೆ ಸರಿಯಾಗುತ್ತೆ" ಎಂದು ಒಬ್ಬರು ಕೈ ಹಾಕಲು ಬಂದರು. ನಮ್ಮ ಯಜಮಾನರು ಬಿಡಲಿಲ್ಲ. ಔಷಧಿ ಹೊಡೆಯಲು ಬಂದಿದ್ದ ಆಳುಗಳಲ್ಲಿ ಒಬ್ಬ ತೋಟದಲ್ಲಿ ಬಿದ್ದಿದ್ದ ಎರಡು ಅಡಿಕೆ ಹಾಳೆ ತಂದ. ಒಂದನ್ನು ಕಾಲಿನ ಅಡಿಗೆ ಕೊಟ್ಟು, ಇನ್ನೊಂದನ್ನು ಪಕ್ಕಕ್ಕೆ ಇಟ್ಟು, ತೊಡೆಯಿಂದ ಹಿಮ್ಮಡಿವರೆಗೆ ಬೈರಾಸಿನಲ್ಲಿ (ಟವಲಿನಲ್ಲಿ) ಕಟ್ಟಿದ. ಬಿಗಿಯಾಗಿ ಕಟ್ಟಲಿಲ್ಲ, ಅಲುಗಾಡದ ಹಾಗೆ ಕಟ್ಟಿದ ಅಷ್ಟೆ. 108ರವರು ಬಂದು ನೋಡಿ, ಅದನ್ನು ಬಿಚ್ಚದೆ ಹಾಗೇ ಎತ್ತಿಕೊಂಡರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮೊದಲು ನೋಡಿದ್ದು ಮಂಡಿಯನ್ನಲ್ಲ, ಪಾದವನ್ನು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು, ಬೆರಳು ಆಡಿಸಿ ಎಂದರು. "ರಕ್ತ ಓಡ್ತಾ ಇದೆ, ನರ ಸರಿ ಇದೆ. ಇನ್ನು ಎಕ್ಸ್‌ರೇ ನೋಡೋಣ" ಎಂದರು. ಎಕ್ಸ್‌ರೇ ನೋಡಿದ ಮೇಲೆ ಪ್ಲಾಸ್ಟರ್ ಪಟ್ಟಿ ಕಟ್ಟಿ ಮಣಿಪಾಲಕ್ಕೆ ಬರೆದುಕೊಟ್ಟರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಆ ಸ್ಥಿತಿಯಲ್ಲಿ ಇಳಿದದ್ದನ್ನು ನಾನು ವಿವರಿಸುವುದಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮಾತು ಶುರುವಾಗಿತ್ತು. ನಾಟಿ ಕಟ್ಟು ಕಟ್ಟಿಸೋಣ, ಆಪರೇಷನ್ ಬೇಡ ಅಂತ. ಆಂಧ್ರದ ಪುತ್ತೂರು ಕಟ್ಟಿನ ಹೆಸರು ನಮ್ಮ ಕಡೆಯೂ ದೊಡ್ಡದು. ಹಾಗೆ ಕಟ್ಟಿಸಿಕೊಂಡು ಗುಣವಾದವರು ನಮ್ಮ ನೆಂಟರಲ್ಲೇ ಇದ್ದಾರೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಅತ್ತೆಯವರ ಬಲ ಮಣಿಕಟ್ಟೂ ಹಿಂದೆ ಹಾಗೇ ಕಟ್ಟಿಸಿದ್ದು. ಕೂಡಿದ್ದೇನೋ ಕೂಡಿತು, ಸೊಟ್ಟಗೆ ಕೂಡಿತು. ಈಗಲೂ ಅವರಿಗೆ ರೊಟ್ಟಿ ತಟ್ಟುವಾಗ ಕೈ ಪೂರ್ತಿ ತಿರುಗುವುದಿಲ್ಲ. ಅಚ್ಚರಿ ಎಂದರೆ ಮೊದಲು ಆಪರೇಷನ್ನಿಗೆ ಹೂಂ ಅಂದವರು ಅವರೇ. "ನನ್ನ ಕೈ ನೋಡು. ನೀನು ಡಾಕ್ಟರು ಹೇಳಿದ ಹಾಗೆ ಕೇಳು" ಎಂದರು.

ಸಿ.ಟಿ. ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರು ಕಂಪ್ಯೂಟರಿನಲ್ಲಿ ಮಂಡಿಯನ್ನು ತಿರುಗಿಸಿ ತೋರಿಸಿದರು. ಮಂಡಿಯ ಕೆಳಗಿನ ದೊಡ್ಡ ಮೂಳೆಗೆ ಟಿಬಿಯಾ ಅನ್ನುತ್ತಾರೆ. ಅದರ ತಲೆಭಾಗ ಅಗಲವಾಗಿ, ಸಮತಟ್ಟಾಗಿ ಇರುತ್ತದೆ. ತೊಡೆಮೂಳೆ ಬಂದು ಕೂರುವುದು ಅದರ ಮೇಲೆ. ನನ್ನದು ಹೊರಮಗ್ಗುಲಿನಲ್ಲಿ ಸೀಳಿತ್ತು, ಅದರ ಜೊತೆಗೆ ಮೇಲ್ಮೈಯ ಒಂದು ತುಂಡು 8 ಮಿಲಿಮೀಟರ್ ಕೆಳಗೆ ಕುಸಿದಿತ್ತು. ರಿಪೋರ್ಟಿನಲ್ಲಿ ಶಾಟ್ಸ್‌ಕರ್ ಟೈಪ್ 2 ಎಂದು ಬರೆದಿತ್ತು. ಟೊರಾಂಟೊದ ಸರ್ಜನ್ ಜೋಸೆಫ್ ಶಾಟ್ಸ್‌ಕರ್ 1979ರಲ್ಲಿ ಈ ಜಾಗದ ಮುರಿತಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಅದನ್ನೇ ಬಳಸುತ್ತಾರೆ.

"8 ಮಿಲಿಮೀಟರ್ ಏನು ಮಹಾ ಅಲ್ವಾ ಡಾಕ್ಟ್ರೇ?" ಎಂದು ಯಜಮಾನರು ಕೇಳಿದರು. ಕಾಲಿನ ನಡುಭಾಗದಲ್ಲಾದರೆ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತೆ, ಇದು ಕೀಲಿನ ಮೇಲ್ಮೈ ಎಂದರು ಡಾಕ್ಟರು. ಅಲ್ಲಿ ಹಳ್ಳ ಬಿದ್ದರೆ ಕಾಲು ಹೊರಗಡೆಗೆ ವಾಲುತ್ತದೆ, ಪ್ರತಿ ಹೆಜ್ಜೆಗೂ ಭಾರ ಒಂದೇ ಕಡೆ ಬೀಳುತ್ತದೆ, ಮೂಳೆಯ ಮೇಲಿನ ನುಣುಪು ಪದರ ಸವೆಯುತ್ತದೆ. ಆಮೇಲೆ ಸಂಧಿವಾತ. ನಾಟಿ ಕಟ್ಟು ಈ ಮುರಿತಕ್ಕೆ ಯಾಕೆ ಆಗುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಹೊರಗಿನಿಂದ ಎಷ್ಟು ಚೆನ್ನಾಗಿ ಎಳೆದು ಕಟ್ಟಿದರೂ ಒಳಗೆ ಕುಸಿದ ತುಂಡು ಮೇಲೆ ಏಳುವುದಿಲ್ಲ.

ನಾಳೆಯೇ ಆಪರೇಷನ್ ಎಂದುಕೊಂಡಿದ್ದೆವು. ಡಾಕ್ಟರು ಕಾಯಬೇಕು ಎಂದರು. ಕಾಲು ಊದಿ ಚರ್ಮ ಬಿಗಿದು ಹೊಳೆಯುತ್ತಿತ್ತು. ಎರಡನೇ ದಿನದ ಹೊತ್ತಿಗೆ ನೀರು ತುಂಬಿದ ಬೊಕ್ಕೆಗಳೂ ಎದ್ದವು. ಈ ಚರ್ಮ ಕೊಯ್ದರೆ ಗಾಯ ಕೂಡುವುದಿಲ್ಲ, ಕೀವು ಆಗುತ್ತೆ, ಪ್ಲೇಟ್‌ವರೆಗೂ ಸೋಂಕು ಇಳಿಯುತ್ತೆ ಎಂದರು. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟು, ಐಸ್ ಇಟ್ಟು ಮಲಗಿಸಿದರು.

ಮೊದಲ ರಾತ್ರಿಗಳಲ್ಲಿ ನರ್ಸ್ ಆಗಾಗ ಬಂದು ನನ್ನ ಎಡಗಾಲಿನ ಹೆಬ್ಬೆರಳನ್ನು ಹಿಡಿದು ಮೇಲಕ್ಕೆ ಬಗ್ಗಿಸಿ ನೋಡುತ್ತಿದ್ದರು. "ಮೀನಖಂಡದಲ್ಲಿ ತಡೆಯೋಕಾಗದ ನೋವು ಬರ್ತಾ ಇದೆಯಾ? ಬೆರಳು ಜೋಮು ಹಿಡಿದಿದೆಯಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಕಾಲಿನ ಸ್ನಾಯುಗಳು ಬಿಗಿಯಾದ ಪದರಗಳ ಒಳಗೆ ಇರುತ್ತವೆ. ಅಲ್ಲಿ ಊತದ ಒತ್ತಡ ಏರಿದರೆ ರಕ್ತ ಓಡುವುದು ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಅದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದು ಹೆಸರು. ಹಾಗಾದರೆ ತಕ್ಷಣ ಚರ್ಮ, ಪದರ ಎಲ್ಲ ಸೀಳಿ ಒತ್ತಡ ಬಿಡಿಸಬೇಕು. ನನಗೆ ಹಾಗೆ ಆಗಲಿಲ್ಲ. ಆದರೆ ಮಂಡಿ ಕೆಳಗೆ ಮುರಿದವರ ಮನೆಯವರು ಇದನ್ನು ತಿಳಿದಿರಲೇಬೇಕು. ಮಾತ್ರೆ, ಇಂಜೆಕ್ಷನ್ ಕೊಟ್ಟರೂ ಕಡಿಮೆಯಾಗದೆ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬಾರದು.

ನೋಡಲು ಬಂದ ನೆಂಟರಿಗೆ ಸಮಾಧಾನ ಇರಲಿಲ್ಲ. ಸುಮ್ನೆ ಮಲಗಿಸಿಕೊಂಡು ಬಿಲ್ ಏರಿಸುತ್ತಾರೆ ಎಂಬ ಮಾತು ಬಂತು. ಡಾಕ್ಟರು ದಿನಾ ಬೆಳಿಗ್ಗೆ ಬಂದು ಮಂಡಿಯ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಆ ಎರಡು ಬೆರಳಿನ ನಡುವೆ ಸಣ್ಣ ಸಣ್ಣ ನೆರಿಗೆ ಕಂಡವು. "ಇದಕ್ಕೇ ಕಾಯ್ತಾ ಇದ್ದಿದ್ದು" ಎಂದರು. ಬಿದ್ದು ಒಂದೂವರೆ ವಾರ ಆಗಿತ್ತು. ಮಾರನೇ ದಿನ ಆಪರೇಷನ್.

ಪಕ್ಕದ ಮಂಚದಲ್ಲಿ ಹೆಬ್ರಿ ಕಡೆಯ ಒಬ್ಬ ಅಜ್ಜಿ ಇದ್ದರು. ಬಚ್ಚಲಲ್ಲಿ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆಯ ಕತ್ತು ಮುರಿದಿತ್ತು. ನನಗಿಂತ ಆಮೇಲೆ ಬಂದವರು, ನನಗಿಂತ ಮೊದಲು ಆಪರೇಷನ್ನಿಗೆ ಹೋದರು. ವಯಸ್ಸಾದವರ ಸೊಂಟ ಮುರಿದರೆ ತಡ ಮಾಡುವುದಿಲ್ಲ. ಮಲಗಿದಷ್ಟೂ ಬೆನ್ನು ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಒಂದಾದ ಮೇಲೆ ಒಂದು ಬರುತ್ತವೆ. ಮುರಿದ ತಲೆಭಾಗ ತೆಗೆದು ಲೋಹದ್ದು ಕೂರಿಸಿದ್ದರು. ಮೂಳೆ ಕೂಡುವವರೆಗೆ ಕಾಯುವ ಪ್ರಶ್ನೆಯೇ ಇಲ್ಲದ್ದರಿಂದ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. "ನಾನ್ ನಿಂತೆ, ಕಾಣ್!" ಎಂದು ನನ್ನ ಕಡೆ ತಿರುಗಿ ಅವರು ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಎಂಬತ್ತು ದಾಟಿದ ಅವರು ಮಾರನೇ ದಿನ ಕಾಲೂರಿ ನಿಂತರು. ನನಗೆ ಮೂರು ತಿಂಗಳು ಕಾಲೂರಬಾರದು ಎಂದು ಮೊದಲೇ ಹೇಳಿದ್ದರು. ಇನ್ನೊಬ್ಬರಿಗೆ ಎಷ್ಟು ದಿನಕ್ಕೆ ಗುಣವಾಯಿತು ಎಂದು ಕೇಳಿಕೊಂಡು ನಮ್ಮದನ್ನು ಅಳೆಯಬಾರದು. ಮುರಿದ ಜಾಗ ಬೇರೆ, ಮಾಡುವ ಆಪರೇಷನ್ ಬೇರೆ, ಗುಣವಾಗುವ ದಾರಿಯೂ ಬೇರೆ.

ಆಪರೇಷನ್ ಬಗ್ಗೆ ಹೇಳುತ್ತೇನೆ. ಕೊಯ್ಯುವ ಮೊದಲೇ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ತೊಡೆಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಿದರು. ನಾನು ಎಚ್ಚರವಾಗಿಯೇ ಇದ್ದೆ. ಡ್ರಿಲ್ ಸದ್ದು, ಸುತ್ತಿಗೆ ಪೆಟ್ಟು ಎಲ್ಲ ಕೇಳಿಸುತ್ತದೆ, ನೋವು ಮಾತ್ರ ಇರುವುದಿಲ್ಲ. ಮೇಲೆ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಬಂದು ಬಂದು ಹೋಗುತ್ತಿತ್ತು. ಒಳಗೆ ಏನು ಮಾಡಿದರು ಎಂದು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕೀಲಿನ ಅಡಿಯ ಮೂಳೆ ಗಟ್ಟಿಯಲ್ಲ, ಸ್ಪಂಜಿನ ಥರದ್ದು. ಅದು ಒತ್ತಿ ಕುಸಿದ ಮೇಲೆ ಕೆಳಗಿನಿಂದ ತಟ್ಟಿ ತಟ್ಟಿ ತುಂಡನ್ನು ಮೇಲೆ ಎಬ್ಬಿಸಬೇಕು. ಎಬ್ಬಿಸಿದರೆ ಕೆಳಗೆ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ನನ್ನದೇ ಸೊಂಟದ ಮೂಳೆಯ ಅಂಚಿನಿಂದ ತೆಗೆದ ಚೂರುಗಳನ್ನು ತುಂಬಿದರು. ಆಮೇಲೆ ಹೊರಮಗ್ಗುಲಿಗೆ ಪ್ಲೇಟ್ ಕೂರಿಸಿ, ಕೀಲಿನ ಕೆಳಗೇ ಸಾಲಾಗಿ ಸ್ಕ್ರೂ ಕೊಟ್ಟರು. ನಮ್ಮ ಅಟ್ಟದ ಹಲಗೆಗಳ ಕೆಳಗೆ ಅಡ್ಡ ತೊಲೆ ಕೊಟ್ಟ ಹಾಗೆ, ಎಬ್ಬಿಸಿದ ಮೇಲ್ಮೈ ಮತ್ತೆ ಕುಸಿಯದಂತೆ ಆ ಸ್ಕ್ರೂಗಳು ಹಿಡಿದುಕೊಳ್ಳುತ್ತವೆ.

ಮೊದಲ ಕೆಲವು ದಿನ ಮಂಡಿಗಿಂತ ಜಾಸ್ತಿ ನೋವು ಕೊಟ್ಟಿದ್ದು ಸೊಂಟದ ಆ ಸಣ್ಣ ಗಾಯ. ಯಾರೂ ಹೇಳದೆ ಇದ್ದಿದ್ದರೆ ಹೆದರಿಕೆಯಾಗುತ್ತಿತ್ತು. ವಾರ್ಡಿನಲ್ಲಿದ್ದ, ಪಿ.ಜಿ. ಓದುತ್ತಿದ್ದ ಡಾಕ್ಟರ್ ಹುಡುಗಿ ಹಿಂದಿನ ರಾತ್ರಿಯೇ ಕೂತು ಹೇಳಿದ್ದಳು, ಆ ಜಾಗ ಹೀಗೇ ನೋಯುತ್ತೆ ಅಂತ. ಬಾಗಿ ಎದ್ದರೂ ನೋವು, ಕೆಮ್ಮಿದರೂ ನೋವು. ಎರಡು ಮೂರು ವಾರದಲ್ಲಿ ಇಳಿಯಿತು.

ಡಿಸ್ಚಾರ್ಜ್ ಫೈಲಿನ ಕೊನೆಯಲ್ಲಿ ಸಣ್ಣ ಸಣ್ಣ ಸ್ಟಿಕ್ಕರ್ ಅಂಟಿಸಿದ ಒಂದು ಹಾಳೆ ಇತ್ತು. ಪ್ಲೇಟಿನದೊಂದು, ಪ್ರತಿ ಸ್ಕ್ರೂವಿನದೊಂದು, ಅಳತೆ, ಕಂಪನಿ, ಬ್ಯಾಚ್ ನಂಬರ್ ಸಮೇತ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಎಲ್ಲಾದರೂ ಪ್ಲೇಟ್ ತೆಗೆಸುವುದಾದರೆ ಅಲ್ಲಿನ ಡಾಕ್ಟರಿಗೆ ಯಾವ ಸ್ಕ್ರೂಡ್ರೈವರ್ ಬೇಕು ಎಂದು ಗೊತ್ತಾಗುವುದು ಅದರಿಂದಲೇ. ನಾನು ಫೋನಿನಲ್ಲಿ ಫೋಟೋ ಕೂಡ ತೆಗೆದಿಟ್ಟಿದ್ದೇನೆ.

ಆಪರೇಷನ್ನಿನ ಮಾರನೇ ದಿನ ಫಿಸಿಯೋಥೆರಪಿಯ ಹುಡುಗಿ ಬಂದಳು. ನಾನು ಮಲಗಿದ್ದಲ್ಲೇ, "ಟೀಚರ್, ಮಂಡಿ ಮಡಚೋಣ" ಎಂದಳು. ಮುರಿದ ಕಾಲನ್ನು ಅಲುಗಾಡಿಸಬಾರದು ಎಂದು ಕೇಳುತ್ತಾ ಬೆಳೆದವಳು ನಾನು. ನಿನ್ನೆ ಸ್ಕ್ರೂ ಹಾಕಿದ್ದನ್ನು ಇವತ್ತು ಮಡಚುವುದು ಎಂದರೆ ಒಪ್ಪಲು ಕಷ್ಟವಾಯಿತು. ಅವಳು ನಿಧಾನಕ್ಕೆ ಹೇಳಿದಳು, "ಪ್ಲೇಟ್ ಹಾಕಿರೋದೇ ಇದಕ್ಕೆ."

ಇದರ ಹಿಂದಿನ ಕಥೆಯನ್ನು ಆಮೇಲೆ ಮಲಗಿದ್ದಲ್ಲೇ ಓದಿದೆ. ಮೊದಲೆಲ್ಲ ಇಂಥ ಮುರಿತಕ್ಕೆ ಪ್ಲಾಸ್ಟರ್ ಇಲ್ಲವೇ ತೂಕ ಕಟ್ಟಿ ಎಳೆಯುವುದು, ಅಷ್ಟೇ ಇತ್ತು. ಮೂಳೆ ಕೂಡುತ್ತಿತ್ತು, ಕೀಲು ಬಿಗಿದುಕೊಳ್ಳುತ್ತಿತ್ತು, ತೊಡೆ ಸೊರಗುತ್ತಿತ್ತು, ದುಡಿಯುವವರು ಮೂಲೆ ಸೇರುತ್ತಿದ್ದರು. 1958ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಮಾರಿಸ್ ಮುಲ್ಲರ್ ಮತ್ತು ಜೊತೆಯ ಸರ್ಜನ್‌ಗಳು ಸೇರಿ ಎಒ ಎಂಬ ಗುಂಪು ಕಟ್ಟಿದರು. ಮೂಳೆಯನ್ನು ಭದ್ರವಾಗಿ ಕೂಡಿಸಿ, ಕೀಲನ್ನು ಮೊದಲ ದಿನಗಳಿಂದಲೇ ಆಡಿಸಬೇಕು ಅನ್ನುವುದು ಅವರ ಹಟ. ಟೊರಾಂಟೊದ ಇನ್ನೊಬ್ಬ ಸರ್ಜನ್ ರಾಬರ್ಟ್ ಸಾಲ್ಟರ್ ಮೊಲಗಳ ಮಂಡಿಯಲ್ಲಿ ಪ್ರಯೋಗ ಮಾಡಿ, ಸುಮ್ಮನೆ ಇಟ್ಟ ಕೀಲಿಗಿಂತ ಆಡಿಸುತ್ತಾ ಇದ್ದ ಕೀಲಿನಲ್ಲಿ ಗಾಯ ಚೆನ್ನಾಗಿ ಮಾಯುತ್ತದೆ ಎಂದು 1980ರಲ್ಲಿ ತೋರಿಸಿದರು. ಮೂಳೆಯ ತುದಿಯ ನುಣುಪು ಪದರಕ್ಕೆ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಸಿಗುವುದು ಕೀಲಿನೊಳಗಿನ ದ್ರವದಿಂದ. ಮಡಚಿ ಬಿಡಿಸಿದರೆ ಆ ದ್ರವ ಎಲ್ಲ ಕಡೆ ಓಡಾಡುತ್ತದೆ. ಆಸ್ಪತ್ರೆಯಲ್ಲಿ ಕಾಲನ್ನು ಇಟ್ಟರೆ ತಾನೇ ಮೆಲ್ಲಗೆ ಮಡಚಿ ಬಿಡಿಸುವ ಒಂದು ಯಂತ್ರ ಇತ್ತು, ಅದು ಹುಟ್ಟಿದ್ದೂ ಸಾಲ್ಟರ್ ಅವರ ಯೋಚನೆಯಿಂದಲೇ.

ಆಸ್ಪತ್ರೆಯಲ್ಲಿ ಎಲ್ಲ ಸಲೀಸಾಗಿತ್ತು. ಯಂತ್ರ ಇತ್ತು, ಹೇಳಿಕೊಡುವವರು ಇದ್ದರು. ಹೆಪ್ಪುಗಟ್ಟದಂತೆ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದರು, ಪಾದ ಮೇಲೆ ಕೆಳಗೆ ಆಡಿಸಲು ನೆನಪಿಸುತ್ತಿದ್ದರು. ನಿಜವಾದ ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ.

ನಮ್ಮದು ಹಳೇ ಮನೆ. ಬಚ್ಚಲು ಎರಡು ಮೆಟ್ಟಿಲು ಕೆಳಗೆ, ಪಾಯಿಖಾನೆ ಕುಕ್ಕರಗಾಲಲ್ಲಿ ಕೂರುವಂಥದ್ದು, ಅದೂ ಹೊರಗೆ. ಮಳೆಗಾಲದಲ್ಲಿ ಅಂಗಳವೆಲ್ಲ ಜಾರು. ಕಮೋಡ್ ಚೇರ್ ತಂದು ಕೋಣೆಯಲ್ಲೇ ಇಟ್ಟರು. ಬೇರೆಯವರು ಅದನ್ನು ತೆಗೆದು ತೊಳೆಯಬೇಕಲ್ಲ ಅನ್ನುವ ಸಂಕೋಚ ಎಷ್ಟು ಕಾಡುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ನಮ್ಮ ಯಜಮಾನರು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅತ್ತೆ ಮಂಗರವಳ್ಳಿ ಎಂಬ ಬಳ್ಳಿ ಹುಡುಕಿಸಿ ತಂದು, ತುರಿಸದಂತೆ ಚೆನ್ನಾಗಿ ಹುರಿದು, ಹುಣಸೆಹಣ್ಣು ಜಾಸ್ತಿ ಹಾಕಿ ಚಟ್ನಿ ಮಾಡಿದರು. ಮೂಳೆ ಕೂಡಿಸುತ್ತೆ ಅಂತ ಅವರ ನಂಬಿಕೆ. ಡಾಕ್ಟರನ್ನು ಕೇಳಿದಾಗ, "ಧಾರಾಳವಾಗಿ ತಿನ್ನಿ. ಅದರ ಜೊತೆಗೆ ಹಾಲು, ಬೇಳೆ, ಮೊಟ್ಟೆ ಬಿಡಬೇಡಿ" ಎಂದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಮ್ಮಿ ಬಂದಿತ್ತು. ಅದಕ್ಕೆ ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಕೊಟ್ಟರು.

ತೀರ್ಥಹಳ್ಳಿಯ ಫಿಸಿಯೋಥೆರಪಿಸ್ಟ್ ಮೇಡಂ ಮನೆಗೆ ಬಂದ ಮೊದಲ ದಿನವೇ ಮಂಚ ನೋಡಿ ಒಂದು ಬದಲಾವಣೆ ಮಾಡಿದರು. ಮನೆಯವರು ಪ್ರೀತಿಯಿಂದ ನನ್ನ ಮಂಡಿಯ ಕೆಳಗೆ ಮೆತ್ತನೆ ದಿಂಬು ಕೊಟ್ಟಿದ್ದರು. ಅವರು ಅದನ್ನು ತೆಗೆದು ಹಿಮ್ಮಡಿಯ ಕೆಳಗೆ ಇಟ್ಟರು. ಮಂಡಿ ಗಾಳಿಯಲ್ಲಿ ನಿಂತು, ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತಾ ಬಂತು. ಮಂಡಿ ಕೆಳಗಿನ ದಿಂಬಿನಲ್ಲಿ ಹಾಯೆನಿಸುತ್ತದೆ, ಆದರೆ ಮಂಡಿ ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ನಡಿಗೆ ಕುಂಟುತ್ತದೆ. ಮಡಚುವುದಕ್ಕಿಂತ ನೆಟ್ಟಗೆ ಮಾಡುವುದನ್ನು ಮೊದಲು ಗಳಿಸಿಕೊಳ್ಳಬೇಕು ಎಂದರು.

ಅವರ ಚೀಲದಲ್ಲಿ ಎರಡು ಪಟ್ಟಿಗಳನ್ನು ಸೇರಿಸಿದ ಒಂದು ಪ್ಲಾಸ್ಟಿಕ್ ಕೋನಮಾಪಕ ಇತ್ತು. ಶಾಲೆಯಲ್ಲಿ ಮಕ್ಕಳಿಗೆ ಕೋನ ಕಲಿಸುವವಳು ನಾನು. ಒಂದು ಪಟ್ಟಿ ತೊಡೆಯ ಉದ್ದಕ್ಕೆ, ಇನ್ನೊಂದು ಕಾಲಿನ ಉದ್ದಕ್ಕೆ, ನಡುವಿನ ತಿರುಗಣೆ ಮಂಡಿಯ ಪಕ್ಕಕ್ಕೆ. ಅದು ತೋರಿಸುವ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ. ಆರು ವಾರದ ಹೊತ್ತಿಗೆ ಮಡಚುವುದು 70 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಚೌತಿ ಹತ್ತಿರ ಬಂದಿತ್ತು. ಎಕ್ಸ್‌ರೇ ನೋಡಿ ಡಾಕ್ಟರಿಗೆ ಖುಷಿ. ತುಂಡು ಎಬ್ಬಿಸಿದ ಜಾಗದಲ್ಲೇ ಇದೆ, ಮೂಳೆ ಕೂಡುತ್ತಿದೆ. ಆದರೆ ಮಂಡಿ ಹಿಡಿದು ಮಡಚಿ ನೋಡಿದ ಮೇಲೆ ಅವರ ಮುಖ ಗಂಭೀರವಾಯಿತು. ಒಳಗೆ ಅಂಟು ಕಟ್ಟುತ್ತಿದೆ, ಇದು ಹೀಗೇ ಉಳಿದರೆ ಮರಗಟ್ಟಿಸಿ ಬಲವಂತವಾಗಿ ಮಡಚಬೇಕಾಗುತ್ತೆ, ಇಲ್ಲವೇ ಒಳಗಿನ ಅಂಟನ್ನು ಬಿಡಿಸುವ ಇನ್ನೊಂದು ಆಪರೇಷನ್ ಎಂದರು.

ನಡೆಯಲು 70 ಡಿಗ್ರಿ ಹತ್ತಿರ ಹತ್ತಿರ ಸಾಕು. ಮೆಟ್ಟಿಲಿಗೆ ಸುಮಾರು 90 ಬೇಕು. ತಗ್ಗಿನ ಕುರ್ಚಿಯಿಂದ ಏಳಲು 100 ದಾಟಬೇಕು. ಕುಕ್ಕರಗಾಲಲ್ಲಿ ಕೂರಲು 130 ಆದರೂ ಬೇಕು. ಊರಿನಲ್ಲಿ ಬದುಕುವವರಿಗೆ ಈ ಕೊನೆಯ ಅಂಕಿಗಳೇ ಮುಖ್ಯ. ನೆಲದ ಮೇಲೆ ಕೂತು ಊಟ, ಅಡಿಕೆ ಸುಲಿಯುವುದು, ಹಂಡೆ ಒಲೆಗೆ ಬೆಂಕಿ ಹಾಕುವುದು, ರಂಗೋಲಿ, ಪಾಯಿಖಾನೆ, ಎಲ್ಲವೂ ಮಂಡಿ ಪೂರ್ತಿ ಮಡಚಿ ಮಾಡುವ ಕೆಲಸಗಳೇ. ಎಕ್ಸ್‌ರೇ ಚೆನ್ನಾಗಿದೆ ಎಂದು ಕೇಳಿ ಸಮಾಧಾನ ಮಾಡಿಕೊಂಡು ಮನೆಗೆ ಹೋಗುವವರು ಎಷ್ಟೋ ಜನ. ಡಾಕ್ಟರನ್ನು ದಯವಿಟ್ಟು ಇನ್ನೊಂದು ಮಾತು ಕೇಳಿ. ಈಗ ಎಷ್ಟು ಡಿಗ್ರಿ ಇದೆ, ಮುಂದಿನ ಸಲ ಬರುವಾಗ ಎಷ್ಟಿರಬೇಕು ಅಂತ.

ಆಮೇಲಿನ ಎರಡು ತಿಂಗಳು ನನ್ನ ದಿನಚರಿ ಅದೇ ಆಯಿತು. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ವ್ಯಾಯಾಮಕ್ಕೆ ಕೂರುವುದು. ಮೊದಲು ಮಂಡಿಚಿಪ್ಪನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಸುವುದು. ಆಪರೇಷನ್ ಆಗದ ಕಾಲಿನ ಚಿಪ್ಪು ಸಲೀಸಾಗಿ ಜಾರುತ್ತಿತ್ತು. ಈ ಕಾಲಿನದು ಅಂಟಿಕೊಂಡಂತಿತ್ತು. ಚಿಪ್ಪು ಸಡಿಲವಾಗದೆ ಮಂಡಿ ಮಡಚುವುದಿಲ್ಲ. ಆಮೇಲೆ ಮಂಚದ ಅಂಚಿನಲ್ಲಿ ಕೂತು ಎಡಗಾಲು ಇಳಿಬಿಟ್ಟು, ಬಲಗಾಲನ್ನು ಅದರ ಮೇಲೆ ಕೊಟ್ಟು ಮೆಲ್ಲಗೆ ಹಿಂದಕ್ಕೆ ಒತ್ತುವುದು. ಕೊನೆಗೆ ಬೋರಲು ಮಲಗಿ, ಪಾದಕ್ಕೆ ಬೈರಾಸು ಸಿಕ್ಕಿಸಿ, ಹಿಮ್ಮಡಿಯನ್ನು ಬೆನ್ನಿನ ಕಡೆಗೆ ಎಳೆಯುವುದು. ಇದು ತುಂಬಾ ನೋಯುತ್ತದೆ. ಬಾಯಲ್ಲಿ ಸೆರಗು ಕಚ್ಚಿಕೊಂಡು ಎಳೆದಿದ್ದೇನೆ. ಹಿಗ್ಗುವ ನೋವು ಬರಬೇಕು, ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು ಎಂದು ಮೇಡಂ ಹೇಳಿಕೊಟ್ಟಿದ್ದರು. ಆ ವ್ಯತ್ಯಾಸ ಕೆಲವು ದಿನಗಳಲ್ಲಿ ಗೊತ್ತಾಗುತ್ತದೆ. ಮುಗಿದ ಮೇಲೆ ಐಸ್. ಯಾರಾದರೂ ಬಂದು ಒಂದೇ ಸಲ ಜೋರಾಗಿ ಮಡಚಿಬಿಡುತ್ತೇನೆ ಎಂದರೆ ಒಪ್ಪಬೇಡಿ. ಮಂಡಿ ಇನ್ನೂ ಊದಿಕೊಳ್ಳುತ್ತದೆ, ಊದಿದ ಮಂಡಿ ಇನ್ನೂ ಬಿಗಿಯುತ್ತದೆ.

ಅಂಕಿ ಮೆಲ್ಲಗೆ ಏರಿತು. 90 ದಾಟಿದ ದಿನ ಮೇಡಂ ನನ್ನ ಕೈ ಹಿಡಿದುಕೊಂಡು, "ಟೀಚರ್, ಇನ್ನು ಆ ಎರಡನೇ ಆಪರೇಷನ್ ಮರೆತುಬಿಡಿ" ಎಂದರು. ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತು. ಅವತ್ತು ಮನೆಯಲ್ಲಿ ಪಾಯಸ ಆಯಿತು.

ಕಾಲೂರಲು ಬಿಟ್ಟಿದ್ದು ನವರಾತ್ರಿಯ ಹೊತ್ತಿಗೆ. ಅದೂ ಒಮ್ಮೆಲೇ ಅಲ್ಲ. ತೂಕ ನೋಡುವ ಯಂತ್ರ ತಂದು ಅದರ ಮೇಲೆ ಎಡಪಾದ ಇಟ್ಟು, ಮುಳ್ಳು 20 ಕಿಲೋಗೆ ಬರುವವರೆಗೆ ಒತ್ತಿ ನೋಡಿ ಎಂದರು. ಅಷ್ಟು ಭಾರ ಹೇಗಿರುತ್ತದೆ ಎಂದು ಕಾಲಿಗೆ ಗೊತ್ತಾಗಬೇಕು. ಕೆಲವು ದಿನ ಬಿಟ್ಟು 30, ಆಮೇಲೆ ಅರ್ಧ ದೇಹದ ಭಾರ, ಆಮೇಲೆ ಪೂರ್ತಿ. ಟೈಲರ್ ಟೇಪಿನಲ್ಲಿ ತೊಡೆ ಅಳೆದಾಗ ಎಡಗಡೆ ಬಲಗಡೆಗಿಂತ 4 ಸೆಂಟಿಮೀಟರ್ ಸಣ್ಣ ಆಗಿತ್ತು. ಮೂಳೆ ಕೂಡಿದ್ದರೂ ಎತ್ತಿ ನಿಲ್ಲಿಸುವ ಸ್ನಾಯು ಇರಲಿಲ್ಲ. ದೀಪಾವಳಿಗೆ ಒಂದು ಕೋಲು ಹಿಡಿದು ಅಂಗಳಕ್ಕೆ ಬಂದೆ. ಮೆಟ್ಟಿಲಿಗೆ ಮೇಡಂ ಹೇಳಿಕೊಟ್ಟ ನಿಯಮ ಸರಳ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜನವರಿಯಲ್ಲಿ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ನನ್ನ ತರಗತಿಯನ್ನು ಕೆಳಗಿನ ಕೋಣೆಗೆ ಬದಲಾಯಿಸಿದ್ದರು.

ಈಗ ವರ್ಷ ಕಳೆದು ಮತ್ತೊಂದು ಮಳೆಗಾಲವೂ ಮುಗಿಯುತ್ತಾ ಬಂದಿದೆ. ಮಂಡಿ ಪೂರ್ತಿ ನೆಟ್ಟಗಾಗುತ್ತದೆ, 125ರವರೆಗೆ ಮಡಚುತ್ತದೆ. ಕುಂಟದೆ ನಡೆಯುತ್ತೇನೆ, ತೋಟಕ್ಕೆ ಇಳಿದು ಹತ್ತುತ್ತೇನೆ. ಚಕ್ಕಳಮಕ್ಕಳ ಹಾಕಿ ಸ್ವಲ್ಪ ಹೊತ್ತು ಕೂರಬಲ್ಲೆ, ಏಳುವಾಗ ಗೋಡೆ ಬೇಕು. ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಇನ್ನು ಆಗುವುದೂ ಇಲ್ಲ ಅನಿಸುತ್ತದೆ. ಮನೆಯೊಳಗೇ ಕಮೋಡ್ ಕಟ್ಟಿಸಿದ್ದೇವೆ, ಈಗ ಅತ್ತೆಯೂ ಅದನ್ನೇ ಬಳಸುತ್ತಾರೆ. ಮುಂದೆ ಈ ಮಂಡಿ ಬೇಗ ಸವೆಯುವ ಸಾಧ್ಯತೆ ಇದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ. ಮೈತೂಕ ಇಳಿಸಿ, ತೊಡೆಯ ವ್ಯಾಯಾಮ ಬಿಡಬೇಡಿ ಎಂದಿದ್ದಾರೆ. ಎರಡನ್ನೂ ಮಾಡುತ್ತಿದ್ದೇನೆ.

ಪ್ಲೇಟ್ ತೆಗೆಸುವ ಮಾತೂ ಬಂತು. ಎಡಮಗ್ಗುಲಾಗಿ ಮಲಗಿದರೆ ಅದು ಒತ್ತುತ್ತದೆ, ಕೈಗೂ ಸಿಗುತ್ತದೆ. ತೆಗೆಯಲೇಬೇಕು ಅಂತೇನೂ ಇಲ್ಲ, ತೊಂದರೆ ಜಾಸ್ತಿಯಾದರೆ ಮಾತ್ರ ತೆಗೆಯೋಣ ಎಂದರು. ತೆಗೆದ ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳುವವರೆಗೆ ಮತ್ತೆ ಕೆಲವು ವಾರ ಹುಷಾರಾಗಿರಬೇಕು. ನನಗೆ ಒಂದು ಮಗ್ಗುಲು ಬಿಟ್ಟು ಮಲಗುವುದೇ ವಾಸಿ ಅನಿಸಿತು. ಪ್ಲೇಟ್ ಇರಲಿ ಎಂದು ಹೇಳಿ ಬಂದಿದ್ದೇನೆ. ಮುಂದಿನ ಎಕ್ಸ್‌ರೇ ಎರಡು ವರ್ಷ ತುಂಬಿದಾಗ.